ಕನ್ಸೋಲಿಗೆ ಮೊದಲು, ಕಂಪ್ಯೂಟರಿಗೆ ಆಮೇಲೆ, ನನ್ನ ದನಿಗೆ ಎಂದು?

ಯಾವ ಆಟ ಯಾವ ಯಂತ್ರಕ್ಕೆ ಮೊದಲು ಬರಬೇಕೆಂದು ತೀರ್ಮಾನಿಸುವ ಮಾನ್ಯರೇ,

ನಿಮ್ಮ ಹೊಸ ಫುಟ್‌ಬಾಲ್ ಆಟ ಈ ಡಿಸೆಂಬರಿನಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲು ಪೆಟ್ಟಿಗೆಗಳಿಗೆ ಮಾತ್ರ ಬಿಡುಗಡೆಯಾಗುತ್ತದೆ, ಕಂಪ್ಯೂಟರಿನ ವಿಷಯವನ್ನು ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು ಎಂದು ನಿಮ್ಮ ಪ್ರಕಟಣೆ ಹೇಳುತ್ತದೆ. ಅದರ ಕೊನೆಯಲ್ಲಿ, ಕನ್ನಡಕ ಹಾಕಿಕೊಂಡರೂ ತಡಕಾಡಬೇಕಾದ ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲಿದೆ: ಹಳೆಯ ಕಂಪ್ಯೂಟರ್ ಆವೃತ್ತಿಯ ಸರ್ವರ್ ಅನ್ನು ಅಂದೇ ಮುಚ್ಚಲಾಗುವುದು. ಆ ಹಳೆಯ ಆಟ ಪ್ರತಿ ಸಲ ತೆರೆಯುವ ಮುನ್ನ ನಿಮ್ಮ ಸರ್ವರಿನ ಬಾಗಿಲು ತಟ್ಟಿ ಅಪ್ಪಣೆ ಕೇಳುತ್ತದೆ. ಬಾಗಿಲು ಮುಚ್ಚಿದರೆ ಆಟ ತೆರೆಯುವುದಿಲ್ಲ. ಆಟ ತೆರೆಯದಿದ್ದರೆ ನನ್ನ ದನಿ ಹೋಗುತ್ತದೆ. ಇದನ್ನು ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ, ಚಮತ್ಕಾರ ಮಾಡುವಷ್ಟು ಉತ್ಸಾಹ ಈಗ ನನ್ನಲ್ಲಿ ಉಳಿದಿಲ್ಲ.

ನಾನು ಬೊಲಿವಿಯಾದ ಒರೂರೋ ಊರಿನವನು. ಮೂರು ದಶಕ ಇಲ್ಲಿನ ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಕೊಟ್ಟು ಹೊಟ್ಟೆ ಹೊರೆದೆ. ನಮ್ಮ ತಂಡದ ಹೆಸರು ಅತ್ಲೆಟಿಕೊ ಬೊಕಾಮಿನಾ. ನೀವು ಕೇಳಿರಲಾರಿರಿ, ಕೇಳಿದ್ದರೆ ನಿಮ್ಮ ಆಟದಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಇರುತ್ತಿತ್ತು. ಗೆದ್ದದ್ದು ಕಡಿಮೆ. ಆದರೆ ಸೋತ ಪಂದ್ಯವನ್ನೂ ಜನ ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಗಣಿಯ ಬಾಯಲ್ಲಿ ಕಿವಿಗೊಟ್ಟು ಕೇಳುವ ಹಾಗೆ ಮಾಡಿದವನು ನಾನು ಎಂಬ ಜಂಬ ನನಗಿತ್ತು, ಈಗಲೂ ಇದೆ. ಆಮೇಲೆ ಗಂಟಲಿನಲ್ಲಿ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದು ಹಾಕಿದರು. ಈಗ ಕತ್ತಿನಲ್ಲಿ ಒಂದು ತೂತು, ಕೈಯಲ್ಲಿ ಒಂದು ಸ್ಲೇಟು. ದಿನವಿಡೀ ಮಾತಾಡುತ್ತಿದ್ದವನು ಈಗ ಉಪ್ಪು ಬೇಕೆಂದರೂ ಬರೆಯಬೇಕು.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಲಿಂಬರ್ಟ್ ಅಯಾವೀರಿ ಮನೆಗೆ ಬಂದ. ಲಿಂಬರ್ಟ್ ಇಲ್ಲಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಬಿಡುವಿನಲ್ಲಿ ನಿಮ್ಮ ಆಟವನ್ನು ರಿಪೇರಿ ಮಾಡುವವನು. ರಿಪೇರಿ ಎಂದರೆ, ನೀವು ಮರೆತದ್ದನ್ನು ಸೇರಿಸುವುದು. ನಮ್ಮ ದೇಶದ ಇಡೀ ಲೀಗನ್ನು ಅವನೂ ಅವನ ಗೆಳೆಯರೂ ಕಂಪ್ಯೂಟರಿನ ಆಟದೊಳಗೆ ಕಟ್ಟಿದ್ದಾರೆ: ನಮ್ಮ ಅಂಗಿ, ನಮ್ಮ ಮೈದಾನ, ಗೋಲಿನ ಹಿಂದಿನ ಬೋಳು ಬೆಟ್ಟ. ಸಮುದ್ರಮಟ್ಟದ ಊರುಗಳಿಂದ ಬಂದ ತಂಡ ನಮ್ಮ ಬೆಟ್ಟದೂರಿನ ತೆಳು ಗಾಳಿಯಲ್ಲಿ ಅರವತ್ತನೇ ನಿಮಿಷಕ್ಕೆ ಏದುಸಿರು ಬಿಡುವ ಹಾಗೂ ಮಾಡಿದ್ದಾರೆ. ಅದು ಮೋಸ ಎಂದು ಅರ್ಜೆಂಟೀನಾದ ಯಾರೋ ಜಗಳಕ್ಕೆ ಬಂದಿದ್ದರಂತೆ. ಲಿಂಬರ್ಟ್ ಕೊಟ್ಟ ಉತ್ತರ ಊರಿನಲ್ಲಿ ಇವತ್ತಿಗೂ ಓಡಾಡುತ್ತಿದೆ: "ಮೋಸ ಅಲ್ಲ ಸ್ವಾಮಿ, ಭೂಗೋಳ."

ಅವನು ನನ್ನನ್ನು ರೇಡಿಯೋದ ಧ್ವನಿಮುದ್ರಣ ಕೋಣೆಗೆ ಕರೆದುಕೊಂಡು ಹೋದ. ಲೀಗಿನ ಪ್ರತಿಯೊಬ್ಬ ಆಟಗಾರನ ಹೆಸರನ್ನು ಮೂರು ಬಗೆಯಲ್ಲಿ ಹೇಳಿಸಿದ: ಸುಮ್ಮನೆ, ಆತಂಕದಲ್ಲಿ, ಅರಚಿಕೊಂಡು. ಪಾಸು, ತಪ್ಪು, ಕಂಬಕ್ಕೆ ಬಡಿದ ಚೆಂಡು, ರೆಫರಿಯ ಕುರುಡುತನ, ಎಲ್ಲಕ್ಕೂ ಬೇರೆ ಬೇರೆ ಮಾತು. ಸ್ವಂತ ಗೋಲಿಗೇ ಹೊಡೆದುಕೊಂಡವನಿಗೆ ನಾನು ರೇಡಿಯೋದಲ್ಲಿ ಹೇಳುತ್ತಿದ್ದದ್ದೂ ಸೇರಿತು: "ಅಯ್ಯೋ ಪಾಪಿ, ಗೋಲು ಆ ಕಡೆ ಇದೆ ಕಣೋ." ಕೊನೆಗೆ ನನ್ನ ಉದ್ದನೆಯ ಗೋಲಿನ ಕೂಗು. ಅದರ ತುದಿಯಲ್ಲಿ ಕೆಮ್ಮು ಬಂತು, ಇನ್ನೊಮ್ಮೆ ಕೂಗಲು ಆಗಲಿಲ್ಲ. ಲಿಂಬರ್ಟ್ ಕೆಮ್ಮನ್ನು ಕತ್ತರಿಸಲು ಹೊರಟಾಗ ನನ್ನ ಹೆಂಡತಿ ನೀಲ್ದಾ ಬೇಡ ಎಂದಳು. ಕೆಮ್ಮದೆ ಕೂಗಿದರೆ ಇವನು ಎಂದು ಗುರುತು ಸಿಗುವುದು ಹೇಗೆ ಎಂಬುದು ಅವಳ ಪ್ರಶ್ನೆಯಾಗಿತ್ತು.

ಈ ನೀಲ್ದಾಳ ವಿಷಯಕ್ಕಾಗಿಯೇ ಈ ಪತ್ರ. ಬೆಳಗ್ಗೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಬಿಸಿ ಪಾನೀಯ ಆಪಿ, ಕರಿದ ಕಡುಬಿನಂಥ ಪಾಸ್ತೆಲ್ ಮಾರುತ್ತಾಳೆ, ಮಧ್ಯಾಹ್ನಕ್ಕೆ ಮನೆಗೆ ಬರುತ್ತಾಳೆ. ನಾನು ರೇಡಿಯೋದಲ್ಲಿದ್ದ ಕಾಲದಲ್ಲಿ ಒಂದು ದಿನವೂ ಪಂದ್ಯ ಕೇಳಿದವಳಲ್ಲ. ಮನೆಯಲ್ಲಿ ಕೇಳುವುದೇ ಸಾಕಾಗಿದೆ, ಅದಕ್ಕೆ ಬ್ಯಾಟರಿ ಬೇರೆ ಖರ್ಚು ಮಾಡಲೇ ಎನ್ನುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮನೆ ಸುಮ್ಮನಾಯಿತು. ನಾನು ಬರೆಯುತ್ತಿದ್ದೆ, ಅವಳು ಓದುತ್ತಿದ್ದಳು, ಜಗಳವೂ ಆಗುತ್ತಿರಲಿಲ್ಲ. ಸ್ಲೇಟಿನ ಮೇಲೆ ಜಗಳವಾಡಿ ನೋಡಿ, ಎರಡನೇ ಸಾಲಿಗೆ ಸಿಟ್ಟು ಇಳಿದುಹೋಗುತ್ತದೆ. ಒಂದು ದಿನ ಅವಳೇ ಲಿಂಬರ್ಟನನ್ನು ಕರೆಸಿ, ಮನೆಯ ಕಂಪ್ಯೂಟರಿಗೆ ಆ ಆಟ ಹಾಕಿಸಿ, ಆಡುವುದು ಹೇಗೆಂದು ಹೇಳಿಕೊಡು ಎಂದಳು. ನಾನು ತಮಾಷೆ ಎಂದುಕೊಂಡೆ.

ಹಿಟ್ಟು ನಾದಿ, ಮುಂಜಾನೆಯ ಚಳಿಯಲ್ಲಿ ನೀರು ಮುಟ್ಟಿ, ಅವಳ ಬೆರಳಿನ ಗೆಣ್ಣುಗಳು ಬಾಗಿವೆ. ಲಿಂಬರ್ಟ್ ಇಡೀ ಆಟವನ್ನು ನಾಲ್ಕೇ ಕೀಲಿಗಳಿಗೆ ಇಳಿಸಿದ, ಅಂಗೈಯ ಅಂಚಿನಿಂದ ಒತ್ತಿದರೂ ನಡೆಯುವ ಹಾಗೆ. ಅವಳಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಗೋಲು ಹೊಡೆದರೆ ಗಂಡ ಕೂಗುತ್ತಾನೆ ಎಂಬುದಷ್ಟು ಗೊತ್ತಿತ್ತು. ಎದುರಾಳಿಯ ಗೋಲಿಗಿಂತ ನಮ್ಮದೇ ಗೋಲು ಹತ್ತಿರ, ಅಡ್ಡ ಬರುವವರೂ ಇಲ್ಲ ಎಂದು ಕಂಡುಕೊಂಡು ಅಲ್ಲಿಗೇ ಹೊಡೆದಳು. ಕಂಪ್ಯೂಟರಿನೊಳಗಿಂದ ನಾನು ಬೈದೆ. ಅವಳು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. "ಬೈತಿದಾನೆ ನೋಡು ಮುದುಕ" ಎಂದು, ಪಕ್ಕದಲ್ಲೇ ಕೂತಿದ್ದ ನನಗೇ ಹೇಳಿದಳು. ಆ ವಾರವೆಲ್ಲ ಬೊಕಾಮಿನಾ ತನ್ನ ಗೋಲಿಗೇ ಹೊಡೆದುಕೊಂಡು ಸೋತಿತು. ಉದ್ದನೆಯ ಕೂಗು ಬೇಕೆನಿಸಿದಾಗ ಸರಿಯಾದ ದಿಕ್ಕಿಗೆ ಆಡಲು ಕಲಿತಳು. ಈಗ ಅವಳು ಗೆಲ್ಲುತ್ತಾಳೆ, ಸೋಲುತ್ತಾಳೆ, ಆಫ್‌ಸೈಡಿನ ಬಗ್ಗೆ ನನ್ನ ದನಿಯೊಡನೆ ವಾದ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಮತ್ತೆ ಜಗಳ ಶುರುವಾಗಿದೆ, ಅದಕ್ಕೆ ನಾನು ಯಾರಿಗೆ ಕೈ ಮುಗಿಯಬೇಕೋ ತಿಳಿಯದು.

ಈಗ ನಿಮ್ಮ ವಾದಕ್ಕೆ ಬರೋಣ. ಅದನ್ನು ನನಗೆ ವಿವರಿಸಿದವನು ಜಮೀಲ್, ನನ್ನ ತಂಗಿಯ ಮಗ, ಕನ್ಸೋಲಿನ ಪರಮ ಭಕ್ತ. ಕಂಪ್ಯೂಟರುಗಳು ಸಾವಿರ ಬಗೆ, ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಕುಂಟುತ್ತದೆ. ಕನ್ಸೋಲು ಎಲ್ಲಿದ್ದರೂ ಒಂದೇ, ಅದಕ್ಕೆಂದೇ ಹೊಲಿದ ಆಟ ಮೈಗೆ ಸರಿಯಾಗಿ ಕೂರುತ್ತದೆ. ಇಷ್ಟು ದೊಡ್ಡ ಬಂಡವಾಳ ಹಾಕಿದವರು ಖಾತ್ರಿಯಿರುವ ಕಡೆ ಮೊದಲು ಹೋಗುತ್ತಾರೆ ಎಂದ. ಒಪ್ಪುತ್ತೇನೆ. ನಿಮ್ಮ ಎಂಜಿನಿಯರುಗಳ ತಲೆನೋವನ್ನು ನಾನು ಹಗುರವಾಗಿ ಕಾಣುವವನಲ್ಲ. ಹೊಸ ಆಟದಲ್ಲಿ ಆಟಗಾರನ ಕುತ್ತಿಗೆಯ ಮೇಲಿನ ಬೆವರಿನ ಹನಿ ಹನಿಯೂ ಕಾಣುತ್ತದಂತೆ. ದೊಡ್ಡ ಸಾಧನೆಯೇ. ಆದರೆ ಮಾನ್ಯರೇ, ಅಷ್ಟು ಸಣ್ಣದನ್ನು ಕಾಣಬಲ್ಲ ಕಣ್ಣಿಗೆ ಒಂದು ಇಡೀ ದೇಶ ಕಾಣದೆ ಹೋದದ್ದು ಹೇಗೆ? ನಿಮ್ಮ ಪಟ್ಟಿಯಲ್ಲಿ ನಮ್ಮ ಹುಡುಗರು "ದಕ್ಷಿಣ ಅಮೆರಿಕಾ, ಇತರೆ" ಎಂಬ ಸಾಲಿನಲ್ಲಿ ಯಾರದೋ ಮುಖ, ಯಾರದೋ ಹೆಸರು ಹೊತ್ತು ನಿಂತಿದ್ದಾರೆ. ಬೆವರು ಮಾತ್ರ ಅಪ್ಪಟ.

ಇನ್ನೊಂದು ವಿಷಯ. ನಮ್ಮ ಕಡೆ ಮನೆಯೊಳಗೆ ಬರುವ ಯಾವ ಯಂತ್ರವೂ ಬರೀ ಆಟಕ್ಕೆಂದು ಬರುವುದಿಲ್ಲ. ಕಂಪ್ಯೂಟರನ್ನು ಸಂತೆಯಿಂದ ಬಿಡಿಭಾಗ ತಂದು ಜೋಡಿಸುತ್ತೇವೆ. ಮಕ್ಕಳ ಪಾಠ, ಮದುವೆಯ ಕಾಗದ, ಸಾಂತಾ ಕ್ರೂಸಿನಲ್ಲಿರುವ ಮಗಳ ಮುಖ, ಎಲ್ಲ ಅದರಲ್ಲೇ. ಆಟ ಅದರ ಬೆನ್ನು ಹತ್ತಿ ಬರುತ್ತದೆ. ಕನ್ಸೋಲು ಹಾಗಲ್ಲ. ಅದು ಚಿಲಿಯ ಬಂದರಿನಲ್ಲಿ ಇಳಿದು, ಗಡಿ ದಾಟಿ, ಮರಳುಗಾಡಿನಲ್ಲಿ ಲಾರಿಯೇರಿ ಇಲ್ಲಿಗೆ ಬರುವಷ್ಟರಲ್ಲಿ ರಾಜಕುಮಾರನ ಬೆಲೆ ಪಡೆದಿರುತ್ತದೆ. ಜಮೀಲನಿಗೆ ಮದುವೆಯಾಗಿಲ್ಲ, ಅವನಿಗೆ ಅದು ಸಾಧ್ಯ.

ನಮ್ಮ ಪ್ರದೇಶದ ಕಂಪ್ಯೂಟರಿನವರು ಆಟ ಕದಿಯುತ್ತಾರೆ ಎಂದೂ ನಿಮ್ಮವರು ಯಾವುದೋ ಸಭೆಯಲ್ಲಿ ಹೇಳಿದ್ದಾರಂತೆ. ಕದಿಯುತ್ತಾರೆ, ಇಲ್ಲ ಎನ್ನಲಾರೆ. ಕಳ್ಳ ನಕಲು ಇಲ್ಲಿ ಹಸಿಮೆಣಸಿನಕಾಯಿಯ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಆದರೆ ಆ ನಕಲು ನಿಮ್ಮ ಬಾಗಿಲು ತಟ್ಟುವುದೇ ಇಲ್ಲವಲ್ಲ? ಡಿಸೆಂಬರಿನಲ್ಲಿ ನೀವು ಬಾಗಿಲು ಹಾಕಿದರೆ ಕಳ್ಳನ ಆಟ ಎಂದಿನಂತೆ ನಡೆಯುತ್ತದೆ, ದುಡ್ಡು ಕೊಟ್ಟು ಕೊಂಡ ನೀಲ್ದಾಳದು ಮಾತ್ರ ನಿಲ್ಲುತ್ತದೆ. ಹಾಗಾದರೆ ನಕಲನ್ನೇ ಹಾಕಿಸಿಕೊಳ್ಳಿ ಎಂದು ಸಂತೆಯವರು ಬುದ್ಧಿ ಹೇಳಿದರು. ಅದರೊಳಗೆ ಲಿಂಬರ್ಟ್ ಸೇರಿಸಿದ ನನ್ನ ದನಿ ಕೂರುವುದಿಲ್ಲ, ಅದನ್ನೂ ನೋಡಿದ್ದಾಯಿತು.

ಹೋದ ತಿಂಗಳು ಜಮೀಲ್ ನಮ್ಮ ಮನಸ್ಸು ಬದಲಿಸಲು ತನ್ನ ಕನ್ಸೋಲನ್ನೇ ಹೊತ್ತು ತಂದ. ಅದರ ಹಿಡಿಕೆ ಕೈಗೆ ಕೊಟ್ಟಾಗ ನೀಲ್ದಾಳ ಬಾಗಿದ ಹೆಬ್ಬೆರಳಿಗೆ ಅದರ ಮೇಲಿನ ಪುಟ್ಟ ಕಡ್ಡಿಗಳನ್ನು ಆಡಿಸಲಾಗಲಿಲ್ಲ. ನಿಮ್ಮದೇ ಆಟದ ಈಗಿನ ಕನ್ಸೋಲ್ ಆವೃತ್ತಿಯನ್ನು ಅವನೇ ಆಡಿದ, ಅವಳು ನೋಡಿದಳು. ಬೊಕಾಮಿನಾ ಎಲ್ಲಿ ಎಂದು ಕೇಳಿದ್ದಕ್ಕೆ ಇದರಲ್ಲಿಲ್ಲ ಎಂದ. ಚಿತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗೋಲಾಯಿತು. ಯಾವುದೋ ದೂರದ ಊರಿನ ಗಂಡಸೊಬ್ಬ ಶುದ್ಧ ಭಾಷೆಯಲ್ಲಿ ಗೋಲನ್ನು ಮೆಚ್ಚಿಕೊಂಡ. ನೀಲ್ದಾ ನನ್ನ ಕಡೆ ನೋಡಲಿಲ್ಲ.

"ನಿಮ್ಮ ಮಾವನ್ನ ಇದ್ರೊಳಗೆ ಎಲ್ಲಿಂದ ಹಾಕೋದು?" ಎಂದಳು.

"ಹಾಕೋಕಾಗಲ್ಲ ಅತ್ತೆ. ಇದು ಮುಚ್ಚಿದ ಪೆಟ್ಟಿಗೆ. ಅವರು ಕೊಟ್ಟಷ್ಟೇ."

"ಹಂಗಾದ್ರೆ ಊಟ ಮಾಡ್ಕೊಂಡು, ಪೆಟ್ಟಿಗೆ ತಗೊಂಡು ಹೋಗಪ್ಪ."

ಲಿಂಬರ್ಟ್ ಕೈಲಾದ ಇನ್ನೊಂದು ದಾರಿ ಹುಡುಕಿದ. ನನ್ನ ಮಾತುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ತಂದು, ಆಟ ಹೋದರೂ ದನಿ ಹೋಗುವುದಿಲ್ಲ, ಬೇಕೆಂದಾಗ ಹಾಡಿನ ಹಾಗೆ ಕೇಳಬಹುದು ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ನನ್ನ ದನಿ ಒಂದರ ಹಿಂದೊಂದು ಹೆಸರು ಹೇಳಿತು, ರೆಫರಿಯನ್ನು ಬೈಯಿತು, ಕೂಗಿತು, ಕೆಮ್ಮಿತು. ನೀಲ್ದಾ ಎದ್ದು ಅದನ್ನು ಕಿತ್ತು ಅವನ ಕೈಗಿಟ್ಟಳು.

"ಇದು ಸತ್ತೋರ ರೆಕಾರ್ಡು ಕಣೋ" ಎಂದಳು. "ನಾನೇನಾದ್ರೂ ಮಾಡ್ಬೇಕು, ಅದಕ್ಕೆ ಅವನು ಏನಾದ್ರೂ ಅನ್ಬೇಕು. ಗಂಡ ಅಂದ್ರೆ ಅಷ್ಟೇ ತಾನೆ?"

ನಾನು ಸ್ಲೇಟು ಬದಿಗಿಟ್ಟು, ಅವಳಿಗೆ ಆಟ ತೆರೆದುಕೊಟ್ಟೆ.

ಮಾನ್ಯರೇ, ಮೊದಲು ಕನ್ಸೋಲೋ ಕಂಪ್ಯೂಟರೋ ಎಂಬ ಚರ್ಚೆಯನ್ನು ನಿಮ್ಮ ಕಚೇರಿಯಲ್ಲಿ ಲಾಭದ ರೇಖಾಚಿತ್ರ ಎದುರಿಟ್ಟುಕೊಂಡು ನಡೆಸುತ್ತೀರಿ. ನಡೆಸಿ. ಆದರೆ ನನ್ನನ್ನು ಕೇಳಿದರೆ ಕಂಪ್ಯೂಟರಿಗೇ ಮೊದಲು ಎನ್ನುತ್ತೇನೆ, ಅದು ಹೆಚ್ಚು ಬಲವುಳ್ಳದ್ದು ಎಂದಲ್ಲ. ಕನ್ಸೋಲಿನಲ್ಲಿ ನೀವು ಮರೆತದ್ದು ಮರೆತದ್ದೇ. ಕಂಪ್ಯೂಟರಿನಲ್ಲಿ ನಾವು ಅದನ್ನು ಸೇರಿಸಿಕೊಳ್ಳಬಹುದು. ನೀವು ತುಂಬ ಮರೆಯುತ್ತೀರಿ, ಅದಕ್ಕೆ. ದೊಡ್ಡ ಬಂಡವಾಳದ ಆಟವೇ ದೊಡ್ಡ ಊರುಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಅದಕ್ಕೇ ಈ ತೆರೆದ ಬಾಗಿಲು ಹೆಚ್ಚು ಬೇಕು. ಇದನ್ನೆಲ್ಲ ನಿಮ್ಮ ಸಹಾಯ ವಿಭಾಗಕ್ಕೆ ಬರೆದಿದ್ದೆ. ಆಟದ ಬಗೆಗಿನ ನನ್ನ ಉತ್ಸಾಹಕ್ಕೆ ಧನ್ಯವಾದ ಎಂದೂ, ನನ್ನ ಕರೆಗಾಗಿ ಕಾಯುತ್ತೇವೆ, ದೂರವಾಣಿಯಲ್ಲಿ ಮಾತನಾಡಿ ಎಂದೂ ಉತ್ತರ ಬಂತು. ಮೂಗನಿಗೆ ಫೋನು ಮಾಡಲು ಹೇಳುವ ಇಲಾಖೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೀಗ ದಣಿವು.

ನನ್ನ ಬೇಡಿಕೆ ಇಷ್ಟು. ಹೊಸ ಆಟ ಕಂಪ್ಯೂಟರಿಗೂ ಅದೇ ದಿನ ಬರಲಿ, ಅದರ ಧ್ವನಿಯ ಕಡತಗಳಿಗೆ ಬೀಗ ಹಾಕಬೇಡಿ. ಅದು ಆಗುವವರೆಗೆ ಹಳೆಯ ಆಟದ ಬಾಗಿಲು ತೆರೆದಿಡಿ, ಇಲ್ಲವೇ ಬಾಗಿಲು ತಟ್ಟದೆಯೇ ಅದು ನಡೆಯುವಂತೆ ಮಾಡಿ ಕೈತೊಳೆದುಕೊಳ್ಳಿ. ಹೀಗೆ ಮಾಡಿದರೆ ಜಮೀಲನ ಕನ್ಸೋಲಿಗೆ ಯಾವ ಕೊರತೆಯೂ ಆಗುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ನೀಲ್ದಾ ಆಡುತ್ತಿದ್ದಾಳೆ, ಸೋಲುತ್ತಿದ್ದಾಳೆ, ನಾನು ಅವಳನ್ನು ಬೈಯುತ್ತಿರುವುದು ನನಗೇ ಕೇಳಿಸುತ್ತಿದೆ. ಇದು ನಿಂತರೆ ನನ್ನ ದನಿ ಎರಡನೆಯ ಸಲ ಹೋದಂತೆ. ಮೊದಲನೆಯ ಸಲ ಅದನ್ನು ತೆಗೆಯುವ ಮುನ್ನ ಡಾಕ್ಟರು ನನ್ನ ಪಕ್ಕದಲ್ಲಿ ಕೂತು, ಏನು ತೆಗೆಯುತ್ತೇನೆ, ಯಾಕೆ ತೆಗೆಯುತ್ತೇನೆ ಎಂದು ವಿವರಿಸಿ, ನನ್ನ ಒಪ್ಪಿಗೆ ಕೇಳಿದ್ದರು. ನಾನು ಒಪ್ಪಿ ಸಹಿ ಹಾಕಿದ್ದೆ. ನೀವೂ ಕೇಳಿ. ಈ ಸಲ ನಾನು ಒಪ್ಪುವುದಿಲ್ಲ.

ಇಂತಿ,
ಗ್ರೋವರ್ ಹುವಾರಾಚಿ
ಮಾಜಿ ವೀಕ್ಷಕ ವಿವರಣೆಕಾರ, ಒರೂರೋ
(ಹೆಂಡತಿಯ ಕಂಪ್ಯೂಟರಿನಲ್ಲಿ ಡಿಸೆಂಬರಿನವರೆಗೆ ಕೆಲಸದಲ್ಲಿದ್ದಾನೆ)