ಒಳಗಿಂದ ಕರೆದರೂ ತೆರೆಯಬೇಡ

ಪ್ರೀತಿ,

ನಾ ಮಗ್ಗದ ರಾತ್ರಿ ಪಾಳಿಗೆ ಹೊಂಟೇನಿ, ಕೂಸು ನಿನ್ನ ಕೈಯಾಗ. ನಿನ್ನ ವೈನಿ ಹಿಂಡಿಕೊಟ್ಟ ಹಾಲನ್ನು ಚಮಚದಿಂದ ಕುಡಿಸು. ಹಾಲು ನಡೀತದ, ಸೀತಾಳ ಸಿಡುಬಿನ ಗುಳ್ಳಿ ಒಣಗೂತನಕ ತಾಯಿ ಹತ್ರ ಮಾತ್ರ ಒಯ್ಯಬ್ಯಾಡ್ರಿ ಅಂದಾರ ಡಾಕ್ಟರು.

ಮೈಮೇಲೆ ಅಮ್ಮ ಎದ್ದಾಗ ಬಾಗಿಲು ಮುಚ್ಚಬಾರದೆಂದು ಅವ್ವ ನಿನ್ನೆ ರಾತ್ರಿ ಅವಳ ಕೋಣೆಯ ಚಿಲಕ ತೆಗೆದುಬಿಟ್ಟಿದ್ದಳು. ನಿನ್ನ ವೈನಿ ಜ್ವರದ ನಿದ್ದೆಯಲ್ಲೇ ಎದ್ದು ಬಂದು ತೊಟ್ಟಿಲು ತೂಗುತ್ತ ನಿಂತಿದ್ದಳು. ಕಣ್ಣು ತೆರೆದೇ ಇದ್ದವು, ಕರೆದರೆ ಓ ಅನ್ನಲಿಲ್ಲ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ.

ಇವತ್ತು ಹೊರಗಿಂದ ಚಿಲಕ ಹಾಕಿದ್ದೇನೆ, ಅವ್ವನ ಮಾತು ಕೇಳಬೇಡ. ಒಳಗಿಂದ ಜೋಗುಳ ಕೇಳಿಸಿದರೆ ಕೇಳಿಸಲಿ. 'ಆರಾಮ ಆಗೇನಿ, ಬಾಗಿಲಾ ತಗಿ ಪ್ರೀತಿ' ಎಂದು ಚಲೋ ದನಿಯಲ್ಲಿ ಕರೆದರೆ ಮಾತಾಡಿಸು, ತೆರೆಯಬೇಡ.

'ನಾ ಎಷ್ಟ ಅತ್ರೂ ತಗೀಬ್ಯಾಡ್ರಿ' ಅಂತ ಸಂಜೆ ಎಚ್ಚರವಿದ್ದಾಗ ಅವಳೇ ಹೇಳ್ಯಾಳ.

ಅಣ್ಣ