ಡಬ್ಬಿಯಲ್ಲಿ ಕಳಿಸಿದ ಹೊನಗೊನ್ನೆ

ಪಟಾನ್‌ಚೆರು
ಮಂಗಳವಾರ, ೧೮ ಜೂನ್ ೨೦೨೪, ಬೆಳಿಗ್ಗೆ

ನನ್ನ ಅನ್ನಮ್ಮಾ,

ಹೇಗಿದ್ದೀಯ? ಬಸ್ಸಿನಲ್ಲಿ ಊದಿಕೊಂಡಿದ್ದ ನಿನ್ನ ಕಾಲು ಇಳಿಯಿತೆ? ದಾನೇಶ್ವರಿ ಹೊಟ್ಟೆ ತುಂಬ ಉಣ್ಣುತ್ತಾಳೋ, ಇಲ್ಲಿಯ ಹಾಗೆ ತಟ್ಟೆ ಸರಿಸುತ್ತಾಳೋ? ಒಳಗಿನ ಕೂಸು ಒದೆಯುತ್ತದೆಯೆ? ದಿನಕ್ಕೆ ಎಷ್ಟು ಸಲ ಎಂದು ಕೇಳಿ ನನಗೆ ಬರೆ. ನಮ್ಮ ತಗಡಿನ ಕೋಣೆಯ ಕಾವಿನಿಂದ ಬಿಡಿಸಿ, ಮಗಳನ್ನು ಏಳನೆಯ ತಿಂಗಳಲ್ಲೇ ಶಹಾಪುರದ ನಿನ್ನ ತಮ್ಮನ ಮನೆಗೆ ಕರೆದೊಯ್ದದ್ದು ಒಳ್ಳೆಯದಾಯಿತು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ.

ಮುಂದೆ ಓದುವ ಮೊದಲು ಎದ್ದು ಹೋಗಿ, ನಾನು ಕಟ್ಟಿಕೊಟ್ಟ ಸೊಪ್ಪಿನ ಪುಡಿಯ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದಿಡು. ದಾನೇಶ್ವರಿಗೆ ಇನ್ನೊಂದು ಚಿಟಿಕೆಯನ್ನೂ ಕೊಡಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆ ಫೋನು ಸದಾ ಅವಳ ಕೈಯಲ್ಲಿ, ಅದೂ ಸ್ಪೀಕರ್ ಹಾಕಿಕೊಂಡು. ಬಸುರಿ ಹುಡುಗಿ ಹೆದರಬಾರದು. ಅದಕ್ಕೇ ಊರಿಗೆ ಹೊರಟಿರುವ ಪಕ್ಕದ ಕೋಣೆಯ ಭೀಮಾಶಂಕರನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಹಿತ್ತಿಲಿಗೆ ಹೋಗಿ ಒಬ್ಬಳೇ ಓದು.

ನನ್ನ ಜಂಬ ನಿನಗೆ ಗೊತ್ತೇ ಇದೆ. ಈ ಲೇಔಟಿನ ಮಾಲಿ ಸಾಬಣ್ಣನಿಗೆ ಗೊತ್ತಿಲ್ಲದ ಗಿಡವೇ ಇಲ್ಲ ಎಂದು ನಾನೇ ಡಂಗುರ ಸಾರಿಕೊಂಡು ತಿರುಗಿದವನು. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಹಿಂದಿನ ಕೆರೆಯ ದಂಡೆಯಲ್ಲಿ ಒಂದು ಬೊಗಸೆ ಹೊನಗೊನ್ನೆ ಸೊಪ್ಪಿಗೆ ಎಷ್ಟು ಹುಡುಕಬೇಕಿತ್ತು, ನೆನಪಿದೆಯೆ? ಒಂದೆಲಗ, ಜೊಂಡು, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಗಿಡಗಳ ನಡುವೆ ಅಡಗಿ ಕೂತಿರುತ್ತಿತ್ತು. ಕೈ ಹಾಕಿದರೆ ಕಪ್ಪೆ ಹಾರುತ್ತಿತ್ತು, ನೀನು ಕಿರುಚುತ್ತಿದ್ದೆ, ನಾನು ನಗುತ್ತಿದ್ದೆ. ಈಗ ಎರಡು ವರ್ಷದಿಂದ ಹುಡುಕುವ ಕೆಲಸವೇ ಇಲ್ಲ. ದಂಡೆಯ ತುಂಬ ಅದೊಂದೇ, ನೀರಿನ ಮೇಲೂ ಚಾಪೆ ಹಾಸಿದ ಹಾಗೆ. ಕೆರೆ ಚೇತರಿಸಿಕೊಂಡಿತು ಎಂದು ಹಿಗ್ಗಿದೆ. ಹುಟ್ಟುವ ಕೂಸಿನ ಕಣ್ಣಿಗೆ ಒಳ್ಳೆಯದೆಂದು, ಐದನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಮಗಳನ್ನು ಕರೆತಂದ ದಿನದಿಂದ ಎರಡು ತಿಂಗಳು, ವಾರಕ್ಕೆ ಮೂರು ಸಲ ಅದರದೇ ಪಲ್ಯ. ನೀವು ಹೊರಡುವಾಗ ಒಣಗಿಸಿದ್ದನ್ನು ಪುಡಿ ಮಾಡಿ ಡಬ್ಬಿ ತುಂಬಿದೆ.

ಕೆರೆಗೆ ಹಕ್ಕಿ ಎಣಿಸಲು ಬರುವ ಕಾಲೇಜಿನ ಹುಡುಗಿ ಕಾವ್ಯಾ, ಹೈದರಾಬಾದಿನ ಕುಷಾಯಿಗೂಡದವಳಾದರೂ ನಮ್ಮ ಕಡೆಯ ಮಾತಾಡುತ್ತಾಳೆಂದು ನೀನು ಕರೆದು ಚಹಾ ಕೊಡುತ್ತಿದ್ದೆಯಲ್ಲ, ಅವಳು ಹೇಳುವುದೇ ಬೇರೆ. “ಮುತ್ಯಾ, ಇದು ಹೊನಗೊನ್ನಿ ಅಲ್ರಿ. ದಂಟ ಮುರದ ನೋಡ್ರಿ, ಒಳಗ ಟೊಳ್ಳ ಐತಿ. ಹೂವು ಉದ್ದ ಕಡ್ಡಿ ಮ್ಯಾಲ ಕುಂತೈತಿ.” ನಮ್ಮ ಹೊನಗೊನ್ನೆಯ ಹೂವು ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಇದು ಹೊರದೇಶದಿಂದ ಬಂದ ಅದರ ದಾಯಾದಿಯಂತೆ. ಕಾರ್ಖಾನೆಗಳ ಕಾಲುವೆಯ ಹೊಲಸು ನೀರಿಗೆ, ವರ್ಷವರ್ಷಕ್ಕೆ ಏರುವ ಬಿಸಿಲಿಗೆ ಉಳಿದವೆಲ್ಲ ಸತ್ತ ಮೇಲೆ ಇದು ಹಬ್ಬಿಕೊಂಡಿದೆ. ಹತ್ತಾರು ಬಗೆಯ ಗಿಡ ಇದ್ದಾಗ ಒಂದು ಕೆಸರು ಹಿಡಿಯುತ್ತಿತ್ತು, ಒಂದು ಮೀನಿಗೆ ನೆರಳಾಗುತ್ತಿತ್ತು, ಬಿಸಿಲಿಗೆ ಒಂದು ಸತ್ತರೆ ಇನ್ನೊಂದು ಅದರ ಕೆಲಸ ಮಾಡುತ್ತಿತ್ತು. ಈಗ ಉಳಿದಿರುವುದು ಇದೊಂದೇ, ನೀರಿನ ವಿಷವನ್ನು ಎಲೆಯಲ್ಲಿ ಕೂಡಿಟ್ಟುಕೊಂಡೂ ಬದುಕಬಲ್ಲದ್ದು. ಆ ಎಲೆಗೇ ನಾವು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮಗಳಿಗೆ ಬಡಿಸಿದೆವು.

ಭಾನುವಾರ ಸಂಜೆ ಮೊದಲ ದೊಡ್ಡ ಮಳೆ ಬಂತು. ಮೊದಲೆಲ್ಲ ಇಂಥ ಮಳೆಯ ದಿನ ಕಪ್ಪೆಗಳ ಗಲಾಟೆಗೆ ಟಿವಿ ಕೇಳಿಸುವುದಿಲ್ಲ ಎಂದು ನೀನು ಬೈಯುತ್ತಿದ್ದೆ. ಮಳೆ ನಿಂತ ಮೇಲೆ ದಂಡೆಗೆ ಹೋಗಿ ಕಾದೆ. ಒಂದೂ ವಟಗುಟ್ಟಲಿಲ್ಲ. ಆಗ ಬಗ್ಗಿ ಒಂದು ದಂಟು ಮುರಿದೆ. ಟೊಳ್ಳು. ಇನ್ನೊಂದು ಮುರಿದೆ, ಅದೂ ಟೊಳ್ಳು. ಒಂದಾದರೂ ನಮ್ಮ ಹೊನಗೊನ್ನೆ ಇರಲಿ ದೇವರೇ ಎಂದು ಕತ್ತಲಾಗುವ ತನಕ ಮುರಿಯುತ್ತಲೇ ಇದ್ದೆ. ಅನ್ನಮ್ಮಾ, ನನಗೆ ಭಯವಾಗಿದೆ. ಮಲಗಿದರೆ ಕಣ್ಣು ಬಿಡದ ಕೂಸು ಕಾಣುತ್ತದೆ.

ಏನೂ ಆಗಿಲ್ಲದೆ ಇರಬಹುದು ಎಂದು ಕಾವ್ಯಾ ನಿನ್ನೆ ಸಮಾಧಾನ ಹೇಳಿದಳು, ಆದರೆ ಡಾಕ್ಟರರಿಗೆ ತಿಳಿಸಲೇಬೇಕಂತೆ. ತಿಂಗಳ ತಪಾಸಣೆ ಎಂದು ನೆಪ ಹೇಳಿ ನಾಳೆಯೇ ದಾನೇಶ್ವರಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ಡಬ್ಬಿಯನ್ನೂ ಒಯ್ಯಿ. ಎಷ್ಟು ದಿನ ತಿಂದಳು ಎಂದು ಕೇಳಿದರೆ ಮುಚ್ಚಿಡಬೇಡ. ಉಳಿದದ್ದನ್ನು ಆಡಿನ ಮುಂದೆ ಚೆಲ್ಲಬೇಡ.

ನಿನ್ನ ತಮ್ಮನಿಗೆ, ಅವನ ಹೆಂಡತಿಗೆ ನನ್ನ ಶರಣು ತಿಳಿಸು. ಮಗಳ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು, ಹೊಟ್ಟೆಯ ಮೇಲೂ ಇಡು. ದೇವರು ಕಾಯಲಿ.

ನಿನ್ನ
ಸಾಬಣ್ಣ

ತಾ.ಕ.: ಭೀಮಾಶಂಕರ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾನೆ. ಒಂದು ಮಾತು ಬರೆಯದೆ ಉಳಿಸಿಕೊಂಡಿದ್ದೆ. ಕಾವ್ಯಾ ಸೊಪ್ಪಿನ ವಿಷಯ ಹೇಳಿದ್ದು ನೀವು ಹೋದ ಮೇಲಲ್ಲ. ನೀವು ಹೊರಡುವ ದಿನ ಬೆಳಿಗ್ಗೆ, ಮುರಿದ ದಂಟು ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದಿದ್ದಳು. “ಅಕ್ಕಾಗ ಇದನ್ನ ಕೊಡಬ್ಯಾಡ್ರಿ” ಅಂದಳು. “ನೀ ಹುಟ್ಟೂಕಿಂತ ಮೊದಲಿಂದ ಪಲ್ಯ ಸೋಸಾಕತ್ತೀನಿ, ಹೋಗವ್ವಾ” ಎಂದು ಕಳಿಸಿ, ಡಬ್ಬಿಗೆ ಇನ್ನೆರಡು ಹಿಡಿ ಒತ್ತಿ ತುಂಬಿದೆ. ಯಾರು ಬಂದಿದ್ದರು ಎಂದು ನೀನು ಒಳಗಿನಿಂದ ಕೇಳಿದೆ. ಯಾರೋ ವಿಳಾಸ ಕೇಳುವವರು ಎಂದೆ.