ಸ್ಕೋರ್‌ಬೋರ್ಡಿನ ಕಿಂಡಿಯಲ್ಲಿ ಒಂದು ಕೈ

ಸೆಪ್ಟೆಂಬರ್ ೧೪, ಭಾನುವಾರ

ನಮ್ಮೂರ ಕ್ರಿಕೆಟ್ ಕ್ಲಬ್ಬಿನ ನೂರು ವರ್ಷದ ಇತಿಹಾಸ ಬರೆಯುವ ಕೆಲಸ ಇವತ್ತೂ ಮುಂದಕ್ಕೆ ಹೋಗಲಿಲ್ಲ. ಕ್ಲಬ್ಬಿನವರಿಗೆ ಇಂಗ್ಲಿಷಿನಲ್ಲೇ ಬೇಕಂತೆ. ಮಾತಾಡಿಬಿಡುತ್ತೇನೆ, ಬರೆಯುವ ರೂಢಿ ಕಾಲೇಜಿಗೇ ಮುಗಿಯಿತು. ನಮ್ಮ ವೆಲ್ಷ್ ಭಾಷೆಯಲ್ಲಾದರೆ ಇಷ್ಟು ಹೊತ್ತಿಗೆ ಮುಗಿಸಿರುತ್ತಿದ್ದೆ. ಇಲ್ಲ, ಆಗಲೂ ಮುಗಿಯುತ್ತಿರಲಿಲ್ಲ.

ಮಧ್ಯಾಹ್ನ ಹಳೆಯ ಸ್ಕೋರ್‌ಬೋರ್ಡ್ ಕಳಚುತ್ತಿದ್ದರು. ಕರೆಂಟಿನದು ಬರುತ್ತದಂತೆ. ಕಾರ್ಯದರ್ಶಿ ಗೆಥಿನ್ ಏಣಿಯ ಮೇಲಿಂದಲೇ ಕೂಗಿದ: "ಏನ್ ಯಜಮಾನ್ರೇ, ನಿಮ್ಮ ನಲವತ್ತೊಂಬತ್ತನ್ನ ಬರೆದ್ರಾ?"

"ಐವತ್ತಾಗಿದ್ರೆ ನನ್ನ ಬಾಯಿ ಹಿಡಿಯೋರು ಯಾರಿದ್ರಪ್ಪಾ!"

ಆ ಬೋರ್ಡಿನ ಹಿಂದೆ ನಿಂತು ತಗಡಿನ ಅಂಕಿಗಳನ್ನು ಮೊಳೆಗೆ ಹಾಕುತ್ತಿದ್ದವಳು ನನ್ನ ಹೆಂಡತಿ ಎಲುನೆಡ್. ಬ್ಯಾಟು ಹಿಡಿದು ನಿಂತ ನನಗೆ ಕಿಂಡಿಯಿಂದ ಹೊರಬರುವ ಅವಳ ಕೈ ಮಾತ್ರ ಕಾಣುತ್ತಿತ್ತು. ಅವತ್ತು ನಲವತ್ತೊಂಬತ್ತರಲ್ಲಿ ನಾನು ಎತ್ತಿ ಹೊಡೆದ ಚೆಂಡು ಗೆರೆ ದಾಟಿತೆಂದೇ ಆ ಕೈ ನಾಲ್ಕರ ಜಾಗಕ್ಕೆ ಐದರ ತಗಡು ಹಿಡಿದು ಹೊರಬಂತು. ಚೆಂಡು ಗೆರೆಯಂಚಿನಲ್ಲಿ ನಿಂತವನ ಕೈಗೆ ಬಿತ್ತು. ಕಿಂಡಿಯ ಕೈ ಒಂದು ಗಳಿಗೆ ಹಾಗೇ ನಿಂತು, ಮೆಲ್ಲಗೆ ಒಳಗೆ ಹೋಯಿತು. ಔಟಾದದ್ದು ನನಗೆ ಆಮೇಲೆ ನೆನಪಾಯಿತು.

ಅಂದು ಚಹಾದ ಹೊತ್ತಿಗೆ ಕೇಕಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಾ ಕೇಳಿದಳು: "ಅವಸರ ನಂದೋ ನಿಮ್ದೋ, ರೀ?"

ಕ್ಲಬ್ ಕಟ್ಟಿದ ಗಣಿ ಕೆಲಸಗಾರರು, ಪಿಚ್ಚಿನ ರೋಲರ್ ಹೊಳೆಗೆ ಉರುಳಿದ ವರ್ಷ, ಎಲ್ಲವನ್ನೂ ಬರೆಯಬಹುದು. ಆ ಕೈಯನ್ನು ಯಾವ ಪುಟದಲ್ಲಿ ಇಡಲಿ?

ಗೆಥಿನನನ್ನು ಕೇಳಿ ಐದರ ತಗಡು ತಂದೆ. ಅವಳಿಲ್ಲದ ಅಡುಗೆಮನೆಯ ಮೊಳೆಗೆ ಹಾಕಿದ್ದೇನೆ. ಅದನ್ನು ಒಳಗೆಳೆದುಕೊಳ್ಳಲಿಕ್ಕಾದರೂ ಆ ಕೈ ಒಮ್ಮೆ ಬಂದರೆ ಸಾಕು.